ವಿದ್ಯುತ್ ಜೋಡಿಸಿದ ಬೈಸಿಕಲ್ಲು ಮತ್ತು ದೇಹಾರೋಗ್ಯ

ದಿನನಿತ್ಯದ ಸಂಚಾರವೇ ದೇಹಕ್ಕೆ ವ್ಯಾಯಾಮವಾಗಿದ್ದ ಕಾಲವೊಂದಿತ್ತು. ಹಿರಿಯೂರು ತಾಲ್ಲೂಕಿನ ಆದಿವಾಲದಂತಹ ಊರುಗಳಲ್ಲಿ ಶಾಲೆಗೆ ಬರುವ ಉಪಾಧ್ಯಾಯರು, ಕಾಗದ ಹಂಚುವ ಅಂಚೆಯವರು, ಪೇಟೆಗೆ ಹಾಲು ಒಯ್ಯುವವರು, ಪ್ರೌಢಶಾಲೆಗೆ ಹೋಗುವ ಹುಡುಗರು ಸೈಕಲ್ಲನ್ನೇ ನೆಚ್ಚಿದ್ದರು. ಅವರಲ್ಲಿ ಯಾರೂ ಅದನ್ನು ವ್ಯಾಯಾಮವೆಂದು ಕರೆಯಲಿಲ್ಲ. ಆದರೆ ವ್ಯಾಯಾಮದ ಫಲವು ಅವರಿಗೆ ತಾನಾಗಿಯೇ ದೊರೆಯುತ್ತಿತ್ತು. ಕ್ರಮೇಣ ಸೈಕಲ್ಲಿನ ಸ್ಥಾನವನ್ನು ಮೋಟಾರು ಸೈಕಲ್ಲು ಆಕ್ರಮಿಸಿತು. ಪ್ರಯಾಣದ ವೇಳೆ ಉಳಿಯಿತು, ಶ್ರಮವೂ ಉಳಿಯಿತು; ಅದರ ಜೊತೆಗೆ ದೇಹಕ್ಕೆ ಸಲ್ಲಬೇಕಾಗಿದ್ದ ಚಲನೆಯೂ ನಿಂತುಹೋಯಿತು.

ಇದರ ಪರಿಣಾಮವು ಇಂದು ಪಟ್ಟಣಗಳಿಗೆ ಮಾತ್ರ ಸೀಮಿತವಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯು ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದೂ, ಇನ್ನೂ 13.6 ಕೋಟಿ ಜನರು ಅದರ ಹೊಸ್ತಿಲಿನಲ್ಲಿ ನಿಂತಿದ್ದಾರೆಂದೂ ಅಂದಾಜು ಮಾಡಿತು. ಆಹಾರದ ಬದಲಾವಣೆ, ವಂಶಪಾರಂಪರ್ಯ ಮೊದಲಾದ ಕಾರಣಗಳ ಜೊತೆಗೆ ದೈಹಿಕ ನಿಷ್ಕ್ರಿಯತೆಯೂ ಇದಕ್ಕೆ ಒಂದು ಪ್ರಬಲ ಕಾರಣವೆಂಬುದು ಸರ್ವವಿದಿತ. ಹೀಗಿರುವಾಗ ಮನೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುವ ಹಳೆಯ ಸೈಕಲ್ಲಿಗೆ ಒಂದು ಸಣ್ಣ ವಿದ್ಯುತ್ ಮೋಟಾರನ್ನು ಜೋಡಿಸಿ ಮತ್ತೆ ರಸ್ತೆಗಿಳಿಸಿದರೆ ಕಳೆದುಹೋದ ಆರೋಗ್ಯವನ್ನು ಮರಳಿ ಪಡೆಯಲು ಸಾಧ್ಯವೇ? ಮೋಟಾರಿನ ನೆರವಿದ್ದ ಮೇಲೆ ಅದು ವ್ಯಾಯಾಮವೆನಿಸುವುದೇ? ಈ ಎರಡು ಪ್ರಶ್ನೆಗಳ ವಿವೇಚನೆಯೇ ಪ್ರಸ್ತುತ ಲೇಖನದ ಉದ್ದೇಶ.

ಸಂಚಾರಕ್ಕೂ ಹೃದಯಕ್ಕೂ ಇರುವ ನಂಟು

ದಿನದ ಕೆಲಸದಲ್ಲಿ ಬೆರೆತ ಚಲನೆಯು ಆಯುಸ್ಸನ್ನು ಕಾಯುತ್ತದೆಂಬುದಕ್ಕೆ ಮೊದಲ ದೃಢವಾದ ಪ್ರಮಾಣ ದೊರೆತುದು ಬಸ್ಸುಗಳಿಂದ. ಲಂಡನ್ ನಗರದ ಎರಡು ಅಂತಸ್ತಿನ ಬಸ್ಸುಗಳ ನೌಕರರನ್ನು ಪರಿಶೀಲಿಸಿದ ವೈದ್ಯ ಜೆರೆಮಿ ಮಾರಿಸ್ ಮತ್ತು ಸಹೋದ್ಯೋಗಿಗಳು ತಮ್ಮ ಶೋಧನೆಯನ್ನು 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ದಿನವಿಡೀ ಕುಳಿತೇ ಇರುವ ಚಾಲಕರಿಗಿಂತ, ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುವ ನಿರ್ವಾಹಕರಲ್ಲಿ ಹೃದ್ರೋಗವು ಕಡಿಮೆಯಿತ್ತು. ಬಂದರೂ ತಡವಾಗಿ ಬರುತ್ತಿತ್ತು, ಅಷ್ಟು ಮಾರಕವಾಗಿಯೂ ಇರುತ್ತಿರಲಿಲ್ಲ. ಇಬ್ಬರೂ ಒಂದೇ ಬಸ್ಸಿನಲ್ಲಿ ದುಡಿಯುವವರು; ಅವರ ಕೆಲಸದಲ್ಲಿ ಎದ್ದುಕಾಣುವ ವ್ಯತ್ಯಾಸವೆಂದರೆ ಕಾಲುಗಳ ಉಪಯೋಗ ಮಾತ್ರ.

ಇದೇ ವಿಚಾರವನ್ನು ಸೈಕಲ್ಲಿಗೆ ಅನ್ವಯಿಸಿ ನೋಡಿದ ಬೃಹತ್ ಅಧ್ಯಯನವೊಂದನ್ನು ಗ್ಲಾಸ್ಗೋ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದರು. ಬ್ರಿಟನ್ನಿನ 2,63,450 ಜನರನ್ನು ಸರಾಸರಿ ಐದು ವರ್ಷಗಳ ಕಾಲ ಗಮನಿಸಿದಾಗ, ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗಿಬರುವವರಲ್ಲಿ ಮರಣದ ಅಪಾಯವು ಚಲನೆಯಿಲ್ಲದೆ ಪ್ರಯಾಣಿಸುವವರಿಗಿಂತ ಶೇಕಡಾ 41ರಷ್ಟು ಕಡಿಮೆ ಕಂಡುಬಂದಿತು. ಇಂತಹ ಅಧ್ಯಯನಗಳು ಸಂಬಂಧವನ್ನು ತೋರುತ್ತವೆಯೇ ಹೊರತು ಕಾರಣವನ್ನು ಪೂರ್ಣವಾಗಿ ಸಿದ್ಧಪಡಿಸುವುದಿಲ್ಲವೆಂಬುದು ನಿಜ. ಆದರೂ ಹಲವು ದಿಕ್ಕುಗಳಿಂದ ಬಂದ ಸಾಕ್ಷ್ಯಗಳು ಒಂದೇ ಕಡೆಗೆ ಬೆರಳು ಮಾಡುತ್ತಿರುವುದು ಗಮನಾರ್ಹ.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ನೀಡಿದ ಮಾರ್ಗಸೂಚಿಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಮಧ್ಯಮ ಪ್ರಮಾಣದ ಶ್ರಮವನ್ನು ಮಾಡುವುದು ಹಿತಕರ. ಶಾಲೆಯಿಂದ 8 ಕಿಲೋಮೀಟರು ದೂರದಲ್ಲಿ ವಾಸಿಸುವ ಉಪಾಧ್ಯಾಯರೊಬ್ಬರು ಗಂಟೆಗೆ 18 ಕಿಲೋಮೀಟರು ವೇಗದಲ್ಲಿ ಸೈಕಲ್ಲು ತುಳಿದರೆ ಹೋಗಿಬರಲು ದಿನಕ್ಕೆ ಸುಮಾರು 53 ನಿಮಿಷಗಳಾಗುತ್ತವೆ. ವಾರಕ್ಕೆ ಐದು ದಿನವೆಂದರೂ 265 ನಿಮಿಷಗಳು. ಪ್ರತ್ಯೇಕವಾಗಿ ವ್ಯಾಯಾಮಕ್ಕೆಂದು ಒಂದು ಗಳಿಗೆಯನ್ನೂ ಮೀಸಲಿಡದೆಯೇ ಮಾರ್ಗಸೂಚಿಯ ಗುರಿ ತಲುಪಿದಂತಾಯಿತು.

ಸೈಕಲ್ಲನ್ನು ಬಿಟ್ಟುದೇಕೆ?

ಇಷ್ಟು ಉಪಕಾರಿಯಾದ ಸಾಧನವನ್ನು ಜನರು ಕೈಬಿಟ್ಟುದು ಕೇವಲ ಸೋಮಾರಿತನದಿಂದಲ್ಲ. ಚಿತ್ರದುರ್ಗದ ಸೀಮೆಯನ್ನು ಬಲ್ಲವರಿಗೆ ಇದರ ಕಾರಣ ತಿಳಿಯದುದೇನಲ್ಲ. ಬೇಸಿಗೆಯಲ್ಲಿ ಬಿಸಿಲಿನ ಝಳ. ಆಷಾಢ ಬಂದರೆ ಎಡೆಬಿಡದ ಗಾಳಿ. ಜಿಲ್ಲೆಯ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳೇ ಈ ಗಾಳಿಯ ಬಲಕ್ಕೆ ಸಾಕ್ಷಿ. ವಿದ್ಯುತ್ತನ್ನು ಉತ್ಪಾದಿಸುವವರಿಗೆ ವರವಾದ ಗಾಳಿಯು ಸೈಕಲ್ ಸವಾರನಿಗೆ ಶತ್ರುವಾಗುತ್ತದೆ.

ಇದನ್ನು ಲೆಕ್ಕದಿಂದ ವಿಶದಪಡಿಸಬಹುದು. ನಡುವಯಸ್ಸಿನ ಸಾಮಾನ್ಯ ವ್ಯಕ್ತಿಯೊಬ್ಬರು ಅತಿಯಾದ ಆಯಾಸವಿಲ್ಲದೆ ಅರ್ಧ ಗಂಟೆಯ ಕಾಲ ನಿರಂತರವಾಗಿ ನೀಡಬಲ್ಲ ಶಕ್ತಿಯು ಸುಮಾರು 75ರಿಂದ 100 ವ್ಯಾಟ್. ಗಾಳಿಯಿಲ್ಲದ ಸಮತಟ್ಟಾದ ರಸ್ತೆಯಲ್ಲಿ ನೆಟ್ಟಗೆ ಕುಳಿತು ಗಂಟೆಗೆ 20 ಕಿಲೋಮೀಟರು ವೇಗದಲ್ಲಿ ಸಾಗಲು ಬೇಕಾಗುವುದೂ ಹೆಚ್ಚುಕಡಿಮೆ 100 ವ್ಯಾಟ್. ಅಲ್ಲಿಯವರೆಗೆ ಲೆಕ್ಕ ಸರಿಹೋಗುತ್ತದೆ. ಆದರೆ ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ಗಂಟೆಗೆ 15 ಕಿಲೋಮೀಟರಿನ ಎದುರುಗಾಳಿ ಬೀಸಿತೆಂದರೆ ಅದೇ ವೇಗಕ್ಕೆ ಇಮ್ಮಡಿಗೂ ಮೀರಿದ ಶಕ್ತಿ ಬೇಕಾಗುತ್ತದೆ. ನೂರು ಅಡಿಗೆ ಮೂರು ಅಡಿ ಏರುವ ದಿಣ್ಣೆಯಾದರೂ ಹಾಗೆಯೇ. ಅಷ್ಟು ಶಕ್ತಿಯನ್ನು ಐವತ್ತು ವರ್ಷದ ಉಪಾಧ್ಯಾಯರಿಂದ ಪ್ರತಿದಿನ ಬೆಳಿಗ್ಗೆ ನಿರೀಕ್ಷಿಸುವುದು ನ್ಯಾಯವಲ್ಲ. ಬೆವರಿನಿಂದ ತೊಯ್ದ ಅಂಗಿಯಲ್ಲಿ ತರಗತಿಯನ್ನು ಪ್ರವೇಶಿಸಲು ಯಾರೂ ಇಚ್ಛಿಸುವುದಿಲ್ಲ. ವಿದ್ಯುತ್ ಮೋಟಾರಿನ ಪ್ರಯೋಜನವಿರುವುದು ಇಲ್ಲಿಯೇ. ಕಾಲುಗಳು ತಮ್ಮ ನೂರು ವ್ಯಾಟ್‌ಗಳನ್ನು ನೀಡುತ್ತಲೇ ಇರುತ್ತವೆ. ಗಾಳಿಯೂ ಏರೂ ಕೇಳುವ ಹೆಚ್ಚುವರಿಯನ್ನು ಮೋಟಾರು ತುಂಬಿಕೊಡುತ್ತದೆ.

ನಡೆದು ಬಂದ ದಾರಿ

ವಿದ್ಯುತ್ ಬೈಸಿಕಲ್ಲು ನಿನ್ನೆ ಮೊನ್ನೆಯ ಕಲ್ಪನೆಯಲ್ಲ. ಅಮೆರಿಕದ ಆಗ್ಡನ್ ಬೋಲ್ಟನ್ ಎಂಬುವರು ಹಿಂಬದಿಯ ಚಕ್ರದ ಹಬ್ಬಿನೊಳಗೇ ಮೋಟಾರನ್ನು ಅಡಗಿಸಿದ ಬೈಸಿಕಲ್ಲಿಗೆ 1895ರಷ್ಟು ಹಿಂದೆಯೇ ಪೇಟೆಂಟ್ ಪಡೆದಿದ್ದರು. ಆದರೆ ಆ ಕಾಲದ ಬ್ಯಾಟರಿಗಳ ಭಾರವು ಸೈಕಲ್ಲಿಗೆ ಹೊರಲಾರದ ಹೊರೆಯಾಗಿತ್ತು. ಸವಾರನು ಪೆಡಲು ತುಳಿದಾಗ ಮಾತ್ರ ನೆರವಿಗೆ ಬರುವ ಬೈಸಿಕಲ್ಲನ್ನು ಜಪಾನಿನ ಯಮಹಾ ಸಂಸ್ಥೆಯು 1993ರಲ್ಲಿ ಮಾರುಕಟ್ಟೆಗೆ ತಂದಿತು. ಅದಕ್ಕೆ ಎರಡು ವರ್ಷ ಮೊದಲು, 1991ರಲ್ಲಿ, ಸೋನಿ ಸಂಸ್ಥೆಯು ಲಿಥಿಯಂ ಅಯಾನ್ ಬ್ಯಾಟರಿಯನ್ನು ವಾಣಿಜ್ಯಕ್ಕೆ ಇಳಿಸಿತ್ತು. ಹಗುರವಾದ ಈ ಬ್ಯಾಟರಿಯು ಮುಂದೆ ಬೈಸಿಕಲ್ಲಿಗೂ ಒದಗಿ ಅದರ ಹಳೆಯ ಕೊರತೆಯನ್ನು ನೀಗಿಸಿತು. ಅದನ್ನು ರೂಪಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೊಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಕರ್ನಾಟಕಕ್ಕೂ ಈ ಕ್ಷೇತ್ರವು ಅಪರಿಚಿತವಲ್ಲ. ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿ ಬೆಂಗಳೂರಿನಿಂದ ಹೊರಬಂದಿತು. ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ಪ್ರಕಟಿಸಿದ ರಾಜ್ಯವೂ ಕರ್ನಾಟಕವೇ. ಅದು 2017ರ ಮಾತು. ಅದೇ ವರ್ಷ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಹೆಸರಿನ ಸಾರ್ವಜನಿಕ ಬೈಸಿಕಲ್ ಸೇವೆ ಸುಮಾರು 450 ಸೈಕಲ್ಲುಗಳೊಂದಿಗೆ ಆರಂಭವಾಯಿತು. ಇವೆಲ್ಲಕ್ಕಿಂತ ಹಳ್ಳಿಗಳಿಗೆ ಹತ್ತಿರವಾದುದು 2006-07ರಲ್ಲಿ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ನೀಡಲು ಕೈಗೊಂಡ ಯೋಜನೆ. ಅದರಿಂದ ಎಷ್ಟೋ ಮನೆಗಳಿಗೆ ಮೊದಲ ಸೈಕಲ್ಲು ಬಂದಿತು. ಆ ಮಕ್ಕಳು ಬೆಳೆದು ಉದ್ಯೋಗ ಹಿಡಿದರು. ಸೈಕಲ್ಲುಗಳಲ್ಲಿ ಹಲವು ಹಿತ್ತಿಲು ಸೇರಿದವು. ಚೌಕಟ್ಟು ಗಟ್ಟಿಯಾಗಿರುವಂತಹವು ಪರಿವರ್ತನೆಗೆ ಇಂದಿಗೂ ಯೋಗ್ಯ.

ಪರಿವರ್ತನೆಯ ವಿಧಾನ

ಸಾಧಾರಣ ಸೈಕಲ್ಲನ್ನು ವಿದ್ಯುತ್ ಸೈಕಲ್ಲಾಗಿಸಲು ಮುಖ್ಯವಾಗಿ ನಾಲ್ಕು ವಸ್ತುಗಳು ಬೇಕು: ಮೋಟಾರು, ಬ್ಯಾಟರಿ, ಇವೆರಡರ ನಡುವೆ ವಿದ್ಯುತ್ತಿನ ಹರಿವನ್ನು ಹತೋಟಿಯಲ್ಲಿಡುವ ಕಂಟ್ರೋಲರ್ ಮತ್ತು ಪೆಡಲಿನ ಚಲನೆಯನ್ನು ಗುರುತಿಸುವ ಸೆನ್ಸರ್. ಇವನ್ನು ಒಟ್ಟಾಗಿ ‘ಕಿಟ್’ ಎಂಬ ಹೆಸರಿನಿಂದ ಮಾರುತ್ತಾರೆ. ಸಾಮಾನ್ಯವಾಗಿ ಮೋಟಾರು ಚಕ್ರದ ಹಬ್ಬಿನಲ್ಲಿಯೇ ಇರುತ್ತದೆ. ಹಳೆಯ ಚಕ್ರವನ್ನು ಬಿಚ್ಚಿ, ಮೋಟಾರುಳ್ಳ ಹಬ್ಬಿಗೆ ಕಡ್ಡಿ ಕಟ್ಟಿದ ಹೊಸ ಚಕ್ರವನ್ನು ಕೂಡಿಸಬೇಕು. ಬ್ಯಾಟರಿಯನ್ನು ಚೌಕಟ್ಟಿನ ತ್ರಿಕೋನದೊಳಗೆ ಅಥವಾ ಹಿಂದಿನ ಕ್ಯಾರಿಯರ್ ಮೇಲೆ ಭದ್ರಪಡಿಸಲಾಗುತ್ತದೆ.

ಕೆಲಸವು ಸುಲಭವೆನಿಸಿದರೂ ಕೆಲವು ಎಚ್ಚರಿಕೆಗಳು ಅವಶ್ಯ. ಮೋಟಾರು ತಿರುಗುವಾಗ ಅದರ ಅಚ್ಚು ವಿರುದ್ಧ ದಿಕ್ಕಿಗೆ ತಿರುಚಿಕೊಳ್ಳಲು ಯತ್ನಿಸುತ್ತದೆ. ಇದನ್ನು ತಡೆಯುವ ಉಕ್ಕಿನ ಪಟ್ಟಿಯನ್ನು ಜೋಡಿಸದಿದ್ದರೆ ನಟ್ಟು ಸಡಿಲಗೊಂಡು ಚಕ್ರ ಕಳಚಬಹುದು. ಮುಂದಿನ ಚಕ್ರಕ್ಕೆ ಮೋಟಾರು ಹಾಕುವುದಾದರೆ ಫೋರ್ಕು ಉಕ್ಕಿನದಾಗಿರಬೇಕು, ಬಿರುಕಿಲ್ಲದಿರಬೇಕು. ಹಳೆಯ ಕಾಲದ ದೊಡ್ಡ ಸೈಕಲ್ಲುಗಳ ಸರಳಿನ ಬ್ರೇಕುಗಳು ಮಳೆಯಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ವೇಗ ಹೆಚ್ಚುವ ಸೈಕಲ್ಲಿಗೆ ಅವನ್ನು ಬದಲಿಸುವುದು ಕ್ಷೇಮ. ಬ್ರೇಕು ಹಿಡಿದೊಡನೆ ಮೋಟಾರಿಗೆ ವಿದ್ಯುತ್ತು ಕಡಿದುಹೋಗುವ ಏರ್ಪಾಡು ಇರಲೇಬೇಕು. ಸೀರೆ, ಪಂಚೆ ಉಡುವವರು ಹಿಂದಿನ ಚಕ್ರಕ್ಕೂ ಚೈನಿಗೂ ಮರೆ ಹಾಕಿಸುವುದು ಒಳಿತು. ಸೈಕಲ್ ಅಂಗಡಿಯವರು ಚಕ್ರದ ಕೆಲಸದಲ್ಲಿ ನಿಪುಣರು. ವಿದ್ಯುತ್ತಿನ ಜೋಡಣೆಯನ್ನು ಮಾತ್ರ ಬಲ್ಲವರಿಂದಲೇ ಮಾಡಿಸತಕ್ಕದ್ದು.

ಬ್ಯಾಟರಿಯ ಲೆಕ್ಕವೂ ಸರಳವಾದುದೇ. 36 ವೋಲ್ಟಿನ 10 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 360 ವ್ಯಾಟ್-ಗಂಟೆಯಷ್ಟು ಶಕ್ತಿ ಇರುತ್ತದೆ. ಪೆಡಲನ್ನೂ ತುಳಿಯುತ್ತ ಹೋದರೆ ಕಿಲೋಮೀಟರಿಗೆ ಸುಮಾರು 10 ವ್ಯಾಟ್-ಗಂಟೆ ಖರ್ಚು. ಎಂದರೆ ಒಮ್ಮೆ ತುಂಬಿದ ಬ್ಯಾಟರಿಯಿಂದ ಮೂವತ್ತು ಕಿಲೋಮೀಟರಿಗೂ ಹೆಚ್ಚು ಸಾಗಬಹುದು. ದಿನಕ್ಕೆ 16 ಕಿಲೋಮೀಟರಿನಂತೆ ತಿಂಗಳಿಗೆ 25 ದಿನ ಓಡಾಡಿದರೆ 400 ಕಿಲೋಮೀಟರು. ಅದಕ್ಕೆ ಚಾರ್ಜರಿನ ನಷ್ಟವೂ ಸೇರಿ ತಗಲುವ ವಿದ್ಯುತ್ತು ಸುಮಾರು 5 ಯೂನಿಟ್. ಲೀಟರಿಗೆ 50 ಕಿಲೋಮೀಟರು ಓಡುವ ಮೋಟಾರು ಸೈಕಲ್ಲಿಗೆ ಅಷ್ಟೇ ದೂರಕ್ಕೆ 8 ಲೀಟರು ಪೆಟ್ರೋಲು ಬೇಕು. ಈ ಉಳಿತಾಯವು ಕಿಟ್ಟಿನ ಬೆಲೆಯನ್ನು ಕಾಲಕ್ರಮದಲ್ಲಿ ತೀರಿಸಲು ನೆರವಾಗುತ್ತದೆ.

ಇದು ವ್ಯಾಯಾಮವೇ?

ಮೋಟಾರೇ ಎಳೆದೊಯ್ಯುವಾಗ ದೇಹಕ್ಕೇನು ಲಾಭವೆಂಬ ಆಕ್ಷೇಪವು ಸಹಜವಾದುದು. ಇದಕ್ಕೆ ಉತ್ತರವನ್ನು ಪ್ರಯೋಗಗಳಿಂದಲೇ ಪಡೆಯಬೇಕು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಸಂಶೋಧಕರು, ವ್ಯಾಯಾಮದ ರೂಢಿಯಿಲ್ಲದೆ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ 20 ಮಂದಿಗೆ ಪೆಡಲಿಗೆ ನೆರವಾಗುವ ವಿದ್ಯುತ್ ಸೈಕಲ್ಲುಗಳನ್ನು ಕೊಟ್ಟು, ವಾರಕ್ಕೆ ಕನಿಷ್ಠ ಮೂರು ದಿನ, ದಿನಕ್ಕೆ 40 ನಿಮಿಷಗಳಂತೆ ನಾಲ್ಕು ವಾರ ಓಡಿಸುವಂತೆ ತಿಳಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವರ ದೇಹವು ಶ್ರಮಿಸುವಾಗ ಆಮ್ಲಜನಕವನ್ನು ಬಳಸಿಕೊಳ್ಳುವ ಸಾಮರ್ಥ್ಯ ಹೆಚ್ಚಿತು. ಗ್ಲೂಕೋಸ್ ಕುಡಿದ ಎರಡು ಗಂಟೆಗಳ ಬಳಿಕ ರಕ್ತದಲ್ಲಿ ಉಳಿಯುವ ಸಕ್ಕರೆಯ ಪ್ರಮಾಣ ತಗ್ಗಿತು. ವಿಶ್ರಾಂತಿಯಲ್ಲಿರುವ ದೇಹದ ಖರ್ಚನ್ನು ಒಂದೆಂದು ಎಣಿಸಿದರೆ ಅವರ ಸವಾರಿಯ ಶ್ರಮವು ಸರಾಸರಿ 4.9ರಷ್ಟಿತ್ತು. ಮೂರರಿಂದ ಆರರವರೆಗಿನ ಶ್ರಮವನ್ನು ವೈದ್ಯಶಾಸ್ತ್ರವು ಮಧ್ಯಮವೆಂದು ಗಣಿಸುತ್ತದೆ. ಇಪ್ಪತ್ತು ಮಂದಿಯ ಪ್ರಯೋಗ ಚಿಕ್ಕದೇ ಸರಿ. ಆದರೆ ಅದರ ದಿಕ್ಕು ಸ್ಪಷ್ಟವಾಗಿದೆ.

ಯೂರೋಪಿನ ಏಳು ನಗರಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಇದಕ್ಕಿಂತ ಕುತೂಹಲಕರ. ವಾರದ ಒಟ್ಟು ದೈಹಿಕ ಶ್ರಮವನ್ನು ಲೆಕ್ಕ ಹಾಕಿದಾಗ ವಿದ್ಯುತ್ ಸೈಕಲ್ಲಿನವರು ಸಾಮಾನ್ಯ ಸೈಕಲ್ಲಿನವರಿಗೆ ಹೆಚ್ಚುಕಡಿಮೆ ಸಮನಾಗಿದ್ದರು. ಮೋಟಾರಿನ ನೆರವಿರುವುದರಿಂದ ಅವರು ಹೆಚ್ಚು ದೂರ ಪ್ರಯಾಣಿಸುತ್ತಿದ್ದುದೇ ಇದಕ್ಕೆ ಕಾರಣ. ಆದರೆ ಅದೇ ಅಧ್ಯಯನವು ಮತ್ತೊಂದು ಸತ್ಯವನ್ನೂ ಹೊರಗೆಡಹಿತು. ಕಾರನ್ನೋ ಬಸ್ಸನ್ನೋ ಬಿಟ್ಟು ವಿದ್ಯುತ್ ಸೈಕಲ್ಲಿಗೆ ಬಂದವರ ದೈಹಿಕ ಶ್ರಮ ಹೆಚ್ಚಿತು. ಸಾಮಾನ್ಯ ಸೈಕಲ್ಲನ್ನು ಬಿಟ್ಟು ಬಂದವರ ಶ್ರಮ ಕೊಂಚ ಕಡಿಮೆಯಾಯಿತು. ವಿದ್ಯುತ್ ಸೈಕಲ್ಲಿನಿಂದ ಆರೋಗ್ಯ ಹೆಚ್ಚುವುದೋ ಕುಗ್ಗುವುದೋ ಎಂಬುದು ಅದು ಯಾವ ವಾಹನದ ಸ್ಥಾನವನ್ನು ತುಂಬಿತೆಂಬುದನ್ನು ಅವಲಂಬಿಸಿದೆ. ಮೋಟಾರು ಸೈಕಲ್ಲನ್ನು ಮನೆಯಲ್ಲಿ ಬಿಟ್ಟು ಬರುವ ಉಪಾಧ್ಯಾಯರಿಗೆ ಅದು ಮೇಲೇರುವ ಮೆಟ್ಟಿಲು. ನಿರಾಯಾಸವಾಗಿ ಸೈಕಲ್ಲು ತುಳಿಯಬಲ್ಲ ಹದಿನೈದರ ಬಾಲಕನಿಗೆ ಕೆಳಗಿಳಿಯುವ ಮೆಟ್ಟಿಲು. ಮಕ್ಕಳಿಗೆ ಸಾಮಾನ್ಯ ಸೈಕಲ್ಲೇ ಉಚಿತವಾದುದು.

ಎರಡನೆಯ ನಿಬಂಧನೆಯು ಪೆಡಲಿಗೆ ಸಂಬಂಧಿಸಿದ್ದು. ಸೆನ್ಸರುಗಳಲ್ಲಿ ಎರಡು ಬಗೆ. ಒಂದು, ಪೆಡಲು ತಿರುಗುತ್ತಿದೆಯೇ ಎಂಬುದನ್ನಷ್ಟೇ ನೋಡುವಂತಹದು. ಇನ್ನೊಂದು, ಎಷ್ಟು ಬಲದಿಂದ ತುಳಿಯಲಾಗುತ್ತಿದೆಯೆಂಬುದನ್ನು ಅಳೆದು ಅದಕ್ಕೆ ತಕ್ಕ ನೆರವು ನೀಡುವಂತಹದು. ಮೊದಲನೆಯದು ಅಗ್ಗ, ಆದರೆ ಅದರಲ್ಲಿ ಬಲ ಹಾಕದೆ ಸುಮ್ಮನೆ ಕಾಲಾಡಿಸಿದರೂ ಮೋಟಾರು ಪೂರ್ಣವಾಗಿ ಓಡುತ್ತದೆ. ಇನ್ನು ಹ್ಯಾಂಡಲ್ಲಿನ ಹಿಡಿಯನ್ನು ತಿರುಗಿಸಿದರೆ ಓಡುವ ಏರ್ಪಾಡಿನಲ್ಲಿ ಕಾಲಿಗೆ ಕೆಲಸವೇ ಇಲ್ಲ. ಹಾಗೆ ಓಡಿಸಿದ ಸೈಕಲ್ಲು ಪೆಟ್ರೋಲನ್ನು ಉಳಿಸಬಹುದು, ಆರೋಗ್ಯವನ್ನು ಉಳಿಸಲಾರದು. ಮೋಟಾರು ಕಾಲಿಗೆ ಸಹಾಯಕನಾಗಿರಬೇಕೇ ಹೊರತು ಕಾಲಿನ ಬದಲಿ ಆಗಬಾರದು.

ಅಭ್ಯಾಸದ ಕ್ರಮ

ಬಹುಕಾಲದಿಂದ ದೇಹಶ್ರಮವಿಲ್ಲದವರು ಮೊದಲ ತಿಂಗಳು ಮೋಟಾರಿನ ನೆರವನ್ನು ಧಾರಾಳವಾಗಿ ಪಡೆದು, ವಾರಕ್ಕೆ ಮೂರು ದಿನ ಮಾತ್ರ ಸೈಕಲ್ಲಿನಲ್ಲಿ ಹೋಗಿಬರುವುದು ಉಚಿತ. ಎರಡನೆಯ ತಿಂಗಳಿನಲ್ಲಿ ನೆರವನ್ನು ಒಂದು ಹಂತ ತಗ್ಗಿಸಿ ದಿನಗಳನ್ನು ಹೆಚ್ಚಿಸಬಹುದು. ಬೆಳಿಗ್ಗೆ ಶಾಲೆಗೆ ಹೋಗುವಾಗ ಬೆವರದಂತೆ ಹೆಚ್ಚಿನ ನೆರವು, ಸಂಜೆ ಮನೆಗೆ ಮರಳುವಾಗ ಕಡಿಮೆ ನೆರವು ಎಂಬ ಪದ್ಧತಿಯು ಅನುಕೂಲಕರ. ಶ್ರಮದ ಪ್ರಮಾಣವನ್ನು ತಿಳಿಯಲು ಯಾವ ಉಪಕರಣವೂ ಬೇಡ: ಸೈಕಲ್ಲು ತುಳಿಯುತ್ತ ಮಾತನಾಡಲು ಸಾಧ್ಯವಾಗಿ, ಹಾಡಲು ಸಾಧ್ಯವಾಗದಿದ್ದರೆ ಶ್ರಮವು ಮಧ್ಯಮ ಪ್ರಮಾಣದ್ದೆಂದು ತಿಳಿಯಬಹುದು. ಹಾಡುವುದೂ ಸುಲಭವಾದರೆ ಮೋಟಾರಿನ ನೆರವನ್ನು ತಗ್ಗಿಸಬೇಕು.

ಹೃದ್ರೋಗವುಳ್ಳವರು, ಎದೆನೋವು ಕಂಡವರು ವೈದ್ಯರ ಸಲಹೆಯಿಲ್ಲದೆ ಆರಂಭಿಸಕೂಡದು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ಶ್ರಮದಿಂದ ಸಕ್ಕರೆಯ ಪ್ರಮಾಣ ಥಟ್ಟನೆ ಇಳಿಯುವ ಸಂಭವವುಂಟು. ಅವರು ಜೇಬಿನಲ್ಲಿ ಸಕ್ಕರೆಯನ್ನೋ ಬೆಲ್ಲವನ್ನೋ ಇಟ್ಟುಕೊಂಡಿರಬೇಕು. ಸೈಕಲ್ ಸವಾರಿಯಲ್ಲಿ ದೇಹದ ಭಾರವನ್ನು ಆಸನವೇ ಹೊರುವುದರಿಂದ ಮಂಡಿಗೆ ಹಿತವೆನಿಸಿದರೂ ಮೂಳೆಗಳಿಗೆ ಸಾಕಷ್ಟು ಬಲ ದೊರೆಯುವುದಿಲ್ಲ. ಆದ್ದರಿಂದ ನಡಿಗೆಯನ್ನು ಸಂಪೂರ್ಣವಾಗಿ ಬಿಡತಕ್ಕದ್ದಲ್ಲ.

ನಿಯಮ ಮತ್ತು ಸುರಕ್ಷತೆ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ ಶಕ್ತಿಯು 250 ವ್ಯಾಟ್‌ಗಿಂತ ಕಡಿಮೆಯಿದ್ದು, ವೇಗವು ಗಂಟೆಗೆ 25 ಕಿಲೋಮೀಟರು ಮುಟ್ಟಿದಾಗ ಅಥವಾ ಅದಕ್ಕೂ ಮೊದಲೇ ಪೆಡಲು ನಿಂತಾಗ ನೆರವು ಕಡಿದುಹೋಗುವ ಸೈಕಲ್ಲನ್ನು ಮೋಟಾರು ವಾಹನವೆಂದು ಪರಿಗಣಿಸಲಾಗುವುದಿಲ್ಲ. ಮುಂದೆ ಬಿಳಿಯ, ಹಿಂದೆ ಕೆಂಪಿನ ಪ್ರತಿಫಲಕಗಳು ಮತ್ತು ತಕ್ಕ ಬ್ರೇಕುಗಳು ಕಡ್ಡಾಯ. ಮಾರುಕಟ್ಟೆಯಲ್ಲಿ ಇದಕ್ಕಿಂತ ಬಲವಾದ ಮೋಟಾರುಗಳ ಕಿಟ್ಟುಗಳೂ ದೊರೆಯುತ್ತವೆ. ಅವುಗಳನ್ನು ಜೋಡಿಸಿದರೆ ಈ ವಿನಾಯಿತಿ ತಪ್ಪುತ್ತದೆ. ಕೊಳ್ಳುವ ಮುನ್ನ ಅದು ಅಧಿಕೃತ ಪರೀಕ್ಷಾ ಸಂಸ್ಥೆಯ ಅನುಮೋದನೆ ಪಡೆದಿದೆಯೇ ಎಂದು ವಿಚಾರಿಸಿಕೊಳ್ಳುವುದು ವಿಹಿತ.

ಹಿಂದೆ 4ನೆಯ ಸಂಖ್ಯೆಯಿಂದ ಪ್ರಸಿದ್ಧವಾಗಿದ್ದು ಇಂದು 48 ಎನಿಸಿಕೊಂಡಿರುವ ರಾಷ್ಟ್ರೀಯ ಹೆದ್ದಾರಿಯು ಆದಿವಾಲ, ಹಿರಿಯೂರುಗಳ ಜನರಿಗೆ ಅನುಕೂಲವೂ ಹೌದು, ಅಪಾಯವೂ ಹೌದು. ಲಾರಿ, ಬಸ್ಸುಗಳ ಮಹಾವೇಗದ ನಡುವೆ ಸೈಕಲ್ಲಿಗೆ ಸ್ಥಳವಿಲ್ಲ. ಪಕ್ಕದ ಸರ್ವೀಸ್ ರಸ್ತೆ ಇರುವೆಡೆ ಅದನ್ನೂ, ಒಳದಾರಿ ಇರುವೆಡೆ ಅದನ್ನೂ ಬಳಸಬೇಕು. ಎದುರು ದಿಕ್ಕಿನಲ್ಲಿ ಓಡಿಸಕೂಡದು. ಹೆಲ್ಮೆಟ್ ಮತ್ತು ಹಿಂಬದಿಯ ಕೆಂಪು ದೀಪವನ್ನು ಅಲಂಕಾರವೆಂದು ಭಾವಿಸಲಾಗದು. ಆರೋಗ್ಯಕ್ಕಾಗಿ ಕೈಗೊಂಡ ಪ್ರಯಾಣವು ಅನಾಹುತದಲ್ಲಿ ಮುಗಿಯಬಾರದಷ್ಟೆ.

ಬ್ಯಾಟರಿಯನ್ನು ಬಿಸಿಲಿನಲ್ಲಿ ಬಿಡದೆ ನೆರಳಿನಲ್ಲಿಡಬೇಕು. ಬಿಸಿಯಾದ ಬ್ಯಾಟರಿಯನ್ನು ತಣಿಯುವವರೆಗೆ ಚಾರ್ಜಿಗೆ ಹಾಕಬಾರದು. ಅದರೊಂದಿಗೆ ಬಂದ ಚಾರ್ಜರನ್ನೇ ಬಳಸಬೇಕು. ಎಲ್ಲರೂ ಮಲಗಿರುವ ಹೊತ್ತಿನಲ್ಲಿ, ಹೊರಬಾಗಿಲಿಗೆ ಅಡ್ಡವಾಗಿ ಚಾರ್ಜಿಗೆ ಇಡುವುದು ಸಲ್ಲದು. ಆಯಸ್ಸು ಮುಗಿದ ಬ್ಯಾಟರಿಯನ್ನು ತಿಪ್ಪೆಗೆ ಎಸೆಯದೆ ಮಾರಾಟಗಾರರಿಗೆ ಮರಳಿಸಬೇಕು. ಬಳಸಿದ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದು ಸಂಸ್ಕರಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ.

ಶಾಲೆಗಳು ಮಾಡಬಹುದಾದುದು

ಇಂತಹ ಬದಲಾವಣೆಯು ವ್ಯಕ್ತಿಯೊಬ್ಬನ ಸಂಕಲ್ಪದಿಂದಲೇ ನಿಲ್ಲುವುದು ಕಷ್ಟ. ಶಾಲೆಯ ಆವರಣದಲ್ಲಿ ನೆರಳಿನ ಸೈಕಲ್ ನಿಲ್ದಾಣ, ಮುಖ ತೊಳೆಯಲು ನೀರು, ಅಂಗಿ ಬದಲಿಸಲು ಒಂದು ಕೊಠಡಿ, ಬ್ಯಾಟರಿ ತುಂಬಲು ಸುರಕ್ಷಿತವಾದ ಒಂದೆರಡು ವಿದ್ಯುತ್ ಸಂಪರ್ಕಗಳು ದೊರೆತರೆ ಉಪಾಧ್ಯಾಯರ ಸಂಕೋಚ ಅರ್ಧದಷ್ಟು ಕಳೆಯುತ್ತದೆ. ಇದಕ್ಕೆ ತಗಲುವ ವೆಚ್ಚ ಅಲ್ಪವಾದುದು. ದಾನಿಗಳೂ ಹಿರಿಯ ವಿದ್ಯಾರ್ಥಿಗಳೂ ಮನಸ್ಸು ಮಾಡಿದರೆ ಒಂದು ಬೇಸಿಗೆ ರಜೆಯಲ್ಲಿ ಮುಗಿಯುವ ಕಾರ್ಯ. ವಿಜ್ಞಾನದ ಅಧ್ಯಾಪಕರಿಗೆ ಒಂದು ಪರಿವರ್ತಿತ ಸೈಕಲ್ಲು ಪ್ರಯೋಗಶಾಲೆಯ ಉಪಕರಣವೂ ಆಗಬಲ್ಲುದು. ಘರ್ಷಣೆ, ಗಾಳಿಯ ಪ್ರತಿರೋಧ, ವಿದ್ಯುತ್ ಮೋಟಾರು, ಶಕ್ತಿಯ ಪರಿವರ್ತನೆ ಮೊದಲಾದ ಪಾಠಗಳನ್ನು ಅದರ ಸಹಾಯದಿಂದ ಬೋಧಿಸಬಹುದು.

ಮಕ್ಕಳು ಗುರುಗಳ ಮಾತಿಗಿಂತ ಅವರ ನಡೆಯಿಂದ ಹೆಚ್ಚು ಕಲಿಯುತ್ತಾರೆ. ಆರೋಗ್ಯದ ಪಾಠವನ್ನು ಹೇಳುವವರು ಎದುರುಗಾಳಿಯಲ್ಲಿಯೂ ಪೆಡಲು ತುಳಿಯುತ್ತ ಶಾಲೆಯ ಬಾಗಿಲಿಗೆ ಬಂದಿಳಿದರೆ ಆ ಪಾಠಕ್ಕೆ ಬೇರೆ ವ್ಯಾಖ್ಯಾನದ ಅಗತ್ಯ ಬೀಳದು. ಮೋಟಾರು ಎಷ್ಟೇ ನೆರವಾದರೂ ಪೆಡಲಿನ ಮೇಲಿನ ಪಾದ ಸವಾರನದೇ. ಅದು ತುಳಿಯುವುದನ್ನು ನಿಲ್ಲಿಸದಂತೆ ನೋಡಿಕೊಳ್ಳುವ ಹೊಣೆಯೂ ಅವನದೇ.